ಅಂಕೋಲೆಯ ಉಪ್ಪು, ಕಾರವಾರದ ಶಾಲು

ಕಾರವಾರ, ಅಂಕೋಲೆಯ ಕಡೆ ಯಾರಿಗೂ ಶಾಲಿನ ಅಗತ್ಯವಿಲ್ಲ. ಜನವರಿಯಲ್ಲೂ ಇಲ್ಲಿ ಮಧ್ಯಾಹ್ನ ಫ್ಯಾನು ಬೇಕು. ಏಪ್ರಿಲ್ ಬಂತೆಂದರೆ ಮೈಮೇಲಿನ ಅಂಗಿಯೇ ಭಾರ. ಆದರೂ ಈ ಕರಾವಳಿಯಲ್ಲಿ ಸಾಹಿತಿಯೊಬ್ಬ ವೇದಿಕೆ ಹತ್ತಿದರೆ ಮೊದಲು ಅವನಿಗೆ ಹೊದಿಸುವುದು ಶಾಲನ್ನೇ. ಆಮೇಲೆ ಹಾರ, ಒಂದು ಬುಟ್ಟಿ ಹಣ್ಣು, ಗಾಜಿನ ಚೌಕಟ್ಟಿನ ನೆನಪಿನ ಕಾಣಿಕೆ. ಬೆವರು ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರುವುದಿಲ್ಲ. ಊರಿಗೆ ಮರಳುವ ಬಸ್ಸಿನ ಚಾರ್ಜು ಮಾತ್ರ ಆ ಬುಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನಾನು ಕಾದಂಬರಿ ಬರೆಯುವವನು. ಅದಕ್ಕೂ ಮೊದಲು ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಹಣ ಎಣಿಸಿದವನು. ಈವರೆಗೆ ಏಳು ಕಾದಂಬರಿ, ಇಪ್ಪತ್ಮೂರು ಶಾಲು. ‘ಶಾಲಿನ ಬದಲು ಟವೆಲ್ ಕೊಟ್ಟಿದ್ದರೆ ಮನೆಗೆ ಉಪಯೋಗ ಆಗ್ತಿತ್ತು’ ಎಂಬುದು ನನ್ನ ಹೆಂಡತಿಯ ಸಾಹಿತ್ಯ ವಿಮರ್ಶೆ.

ಈ ಸಲ ಅಂಕೋಲೆಯ ಒಂದು ಶಾಲೆಯವರು ಮಕ್ಕಳ ಜೊತೆ ಮಾತಾಡಲು ಕರೆದಿದ್ದರು. ಹುಬ್ಬಳ್ಳಿಯಿಂದ ಬಸ್ಸು ಹಿಡಿದೆ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯತೊಡಗಿದರೆ ಸಾಕು, ದೇಶವೇ ಬದಲಾಗುತ್ತದೆ. ಕಿವಿ ಗುಂಯ್ ಎನ್ನುತ್ತದೆ. ಒಣ ಗಾಳಿ ಹೋಗಿ ಒದ್ದೆ ಗಾಳಿ ಬರುತ್ತದೆ. ಜೋಳದ ರೊಟ್ಟಿಯ ಸೀಮೆ ಮುಗಿದು ಕುಚ್ಚಲಕ್ಕಿ ಗಂಜಿ, ಮೀನು ಸಾರಿನ ಸೀಮೆ ಶುರುವಾಗುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರ ಕನ್ನಡವೂ ರಾಗ ಬದಲಿಸುತ್ತದೆ.

ಹದಿನೆಂಟು ರೂಪಾಯಿಯ ಪ್ರಶ್ನೆ

ಶಾಲೆಯಲ್ಲಿ ಭಾಷಣ ಮುಗಿಯಿತು. ಶಾಲು ಬಂತು. ಆಮೇಲೆ ಮಕ್ಕಳ ಪ್ರಶ್ನೆಗಳು. ಎರಡನೇ ಸಾಲಿನಲ್ಲಿದ್ದ ಒಂಬತ್ತನೇ ತರಗತಿಯ ಹುಡುಗಿ ಎದ್ದು ನಿಂತಳು.

‘ಸರ್, ಬರೆದ್ರೆ ಹೊಟ್ಟೆ ತುಂಬ್ತದಾ? ನಮ್ಮಜ್ಜಿ ತುಂಬೂದಿಲ್ಲ ಹೇಳ್ತದೆ.’

ಮಾಸ್ತರರು ಗಾಬರಿಯಾಗಿ ಅವಳನ್ನು ಕೂರಿಸಲು ಹೊರಟರು. ನಾನು ಬೇಡವೆಂದೆ. ಬ್ಯಾಂಕಿನವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದುಂಟೇ? ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಲೆಕ್ಕ ಹಾಕಿದೆ. ಮಕ್ಕಳೇ, ನೀವೂ ಹಾಕಿ ನೋಡಿ. ನನ್ನ ಕೊನೆಯ ಕಾದಂಬರಿಯ ಬೆಲೆ 200 ರೂಪಾಯಿ. ಅಚ್ಚಾದದ್ದು 1000 ಪ್ರತಿ. ಒಪ್ಪಂದದ ಪ್ರಕಾರ ಲೇಖಕನ ಗೌರವಧನ ಶೇಕಡಾ 10. ಎಂದರೆ ಒಂದು ಪ್ರತಿಗೆ 20 ರೂಪಾಯಿ. ಸಾವಿರವೂ ಮಾರಾಟವಾದರೆ 20,000. ಬರೆಯಲು ಹಿಡಿದದ್ದು ಮೂರು ವರ್ಷ, ಎಂದರೆ 1095 ದಿನ. ಭಾಗಿಸಿದರೆ ದಿನಕ್ಕೆ 18 ರೂಪಾಯಿ ಚಿಲ್ಲರೆ. ಅದೂ ಎಲ್ಲ ಪ್ರತಿ ಖರ್ಚಾಗಿ, ಪ್ರಕಾಶಕರು ಮರೆಯದೆ ಕೊಟ್ಟರೆ! ನನಗೆ ಒಂದು ಸಲ ಹಣದ ಬದಲು ನನ್ನದೇ ಪುಸ್ತಕದ ನೂರು ಪ್ರತಿ ಬಂದಿದ್ದವು. ನೆಂಟರ ಮದುವೆಗಳಲ್ಲಿ ಉಡುಗೊರೆಯಾಗಿ ಖರ್ಚಾದವು.

ಹಿಂದಿನ ಬೆಂಚಿನ ಹುಡುಗನೊಬ್ಬ, ‘ಸರ್, ನಮ್ಮಪ್ಪ ಮೀನಿಗೆ ಹಾಕೂ ಐಸಿಗೇ ದಿನಾ ಅದಕ್ಕಿಂತ ಹೆಚ್ಚು ಕೊಡ್ತಾ’ ಎಂದ. ಎಲ್ಲರೂ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ.

ಆಮೇಲೆ ಮಾಸ್ತರರು ಚಹಾ ಕುಡಿಯುತ್ತ ಹೇಳಿದರು: ಅವಳನ್ನು ಸಾಕುತ್ತಿರುವುದು ಅಜ್ಜಿ. ಅಜ್ಜಿ ಬುಟ್ಟಿ ಹೊತ್ತು ಮೀನು ಮಾರುತ್ತಾಳೆ. ಹುಡುಗಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕತೆ ಬರೆಯುತ್ತಾಳೆ. ಅಜ್ಜಿಗೆ ಗೊತ್ತಾದ ದಿನ ಆ ನೋಟ್‌ಬುಕ್ಕು ಕಪಾಟು ಸೇರಿತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂಬುದೂ ಇನ್ನೂ ತೀರ್ಮಾನವಾಗಿಲ್ಲ.

ಹಾಗಾದರೆ ಇದು ತಮಾಷೆಯ ಪ್ರಶ್ನೆಯಲ್ಲ. ‘ಬರೆ ಮಗಳೇ, ಎಲ್ಲ ಒಳ್ಳೆಯದಾಗುತ್ತದೆ’ ಎಂದು ಹೇಳಿ ಬಸ್ಸು ಹತ್ತುವುದು ಸುಲಭ. ಆದರೆ ಮನೆ ನಡೆಸುತ್ತಿರುವುದು ನಾನಲ್ಲ, ಅವಳ ಅಜ್ಜಿ. ‘ಎರಡು ದಿನ ಈ ಕಡೆಯೇ ಇರುತ್ತೇನೆ, ಉತ್ತರ ಬರೆದು ಕಳಿಸುತ್ತೇನೆ’ ಎಂದು ಹುಡುಗಿಗೆ ಹೇಳಿ ಹೊರಬಿದ್ದೆ.

ಕತೆ ಸೇರಿದರೆ ಉಪ್ಪಿಗೂ ಬೆಲೆ

ಅಂಕೋಲೆಯ ಪೇಟೆ ಚಿಕ್ಕದು, ಗದ್ದಲ ದೊಡ್ಡದು. ರಸ್ತೆಯ ಅಂಚಿನಲ್ಲಿ ಹಾಲಕ್ಕಿ ಒಕ್ಕಲಿಗರ ಹೆಂಗಸರು ತರಕಾರಿ ಹರವಿಕೊಂಡು ಕೂತಿರುತ್ತಾರೆ. ಕತ್ತಿನ ತುಂಬ ಮಣಿಸರ. ಮಾವಿನ ಕಾಲದಲ್ಲಿ ಬಂದರೆ ಕರಿ ಈಶಾಡು ಹಣ್ಣು ಸಿಗುತ್ತದೆ. ಅಂಕೋಲೆಯದೇ ತಳಿ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಹಣ್ಣಿಗೂ ಪ್ರಶಸ್ತಿ ಬರುವ ಕಾಲ ಇದು. ಅದಕ್ಕೂ ಶಾಲು ಹೊದಿಸುವುದಿಲ್ಲ ಎಂಬುದಷ್ಟೇ ಅದರ ಪುಣ್ಯ.

ಹರಿವೆ ಸೊಪ್ಪಿನ ಕಟ್ಟು ಹಿಡಿದು ಚೌಕಾಸಿ ಮಾಡತೊಡಗಿದೆ. ಮಾರುತ್ತಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ನೀ ಯೆಂತಾ ಕೆಲ್ಸ ಮಾಡ್ತೆ, ತಮಾ?’

‘ಕತೆ ಬರೀತೇನೆ ಅಜ್ಜಿ.’

‘ಬರೀಬೇಕಾ? ಬಾಯಲ್ಲಿ ಹೇಳೂಕೆ ಬರೂದಿಲ್ಲಾ?’

ಚೌಕಾಸಿ ಅಲ್ಲಿಗೇ ನಿಂತಿತು. ಕೇಳಿದಷ್ಟು ಕೊಟ್ಟೆ.

ಅಜ್ಜಿ ಕೇಳಿದ್ದರಲ್ಲಿ ಸುಳ್ಳೇನಿಲ್ಲ. ಇದೇ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಸಾವಿರಾರು ಜನಪದ ಹಾಡುಗಳು ಅವರ ನಾಲಿಗೆಯ ಮೇಲಿದ್ದವು. ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ಹೋರಾಡಿದರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಹಾಡಿಗೆ ಶೇಕಡಾ 10ರ ಲೆಕ್ಕ ಅವರಿಗೆ ಯಾರೂ ಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ. ಹಾಡು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದದ್ದು. ಅದರ ಮುಖಪುಟದಲ್ಲಿ ಯಾರ ಹೆಸರು ಹಾಕುವುದು?

ಉಪ್ಪಿನ ಕತೆಯೂ ಈ ಊರಿನದೇ. ಸಮುದ್ರದ ನೀರು ಧರ್ಮಕ್ಕೆ ಸಿಗುತ್ತದೆ, ಬಿಸಿಲೂ ಧರ್ಮಕ್ಕೇ. ಎರಡೂ ಸೇರಿದರೆ ಉಪ್ಪು. ಆದರೆ ಬ್ರಿಟಿಷರ ಕಾಲದಲ್ಲಿ ಅದನ್ನು ಜನ ತಾವಾಗಿ ಮಾಡಿಕೊಳ್ಳುವಂತಿರಲಿಲ್ಲ. ತೆರಿಗೆ ಕಟ್ಟಿದ ಉಪ್ಪನ್ನೇ ಕೊಳ್ಳಬೇಕಿತ್ತು. 1930ರ ಏಪ್ರಿಲ್‌ನಲ್ಲಿ ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ ಕೆಲವೇ ದಿನಗಳಲ್ಲಿ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಸಾವಿರಾರು ಜನ ಕಾಯ್ದೆ ಮುರಿದರು. ಹಾಗೆ ಮಾಡಿದ ಉಪ್ಪನ್ನು ಹರಾಜು ಹಾಕಿದರು. ಅಂಗಡಿಯಲ್ಲಿ ಕೆಲವೇ ಕಾಸಿಗೆ ಸಿಗುವ ಉಪ್ಪಿನ ಪೊಟ್ಟಣಕ್ಕೆ ಜನ ರೂಪಾಯಿಗಳನ್ನು ಎಣಿಸಿದರು.

ಇದನ್ನು ಯೋಚಿಸಿದಾಗಲೆಲ್ಲ ನನ್ನೊಳಗಿನ ಗುಮಾಸ್ತನಿಗೆ ಬೆರಗು. ಆ ಪೊಟ್ಟಣದಲ್ಲಿ ಇದ್ದದ್ದು ಅದೇ ಉಪ್ಪು, ಅದೇ ರುಚಿ. ಬೆಲೆ ಏರಿದ್ದು ಅದರ ಹಿಂದಿನ ಕತೆಯಿಂದ. ಕತೆಗೆ ಬೆಲೆ ಇಲ್ಲ ಎನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಬೇಕು. ಹಾಗೆಂದು ಆ ಕತೆ ಪುಕ್ಕಟೆಯದಾಗಿರಲಿಲ್ಲ. ಮುಂದೆ 1932ರ ಕರನಿರಾಕರಣೆಯಲ್ಲಿ ಅಂಕೋಲೆಯ ರೈತರು ಹೊಲ, ಮನೆ, ದನಕರು ಕಳೆದುಕೊಂಡರು. ಊರಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂತು. ಆ ಹೆಸರಿಗೆ ಅವರು ತೆತ್ತ ಬೆಲೆ ಯಾವ ಪ್ರಕಾಶಕನ ಲೆಕ್ಕಪತ್ರದಲ್ಲೂ ಹಿಡಿಸದು.

ಸಂಬಳದ ನೆರಳಿನಲ್ಲಿ ಸಾಹಿತ್ಯ

ಅಂಕೋಲೆಯಲ್ಲಿ ದಿನಕರ ದೇಸಾಯಿಯವರ (1909–1982) ಹೆಸರು ಹೇಳದೆ ನೀವು ಒಂದು ಕಪ್ ಚಹಾ ಕುಡಿಯಲಾರಿರಿ. ನಾಲ್ಕೇ ಸಾಲಿನ ಚುಟುಕಗಳಿಂದ ಕನ್ನಡಿಗರನ್ನು ನಗಿಸಿ ಕುಟುಕಿದವರು. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಸೇರಿ ಮುಂಬಯಿಯಲ್ಲಿ ಕಾರ್ಮಿಕರ ನಡುವೆ ದುಡಿದರು. ತಮ್ಮ ಜಿಲ್ಲೆಯ ರೈತರ ಪರ ನಿಂತದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಶಾಲೆ ತಂದರು. ಗೋಖಲೆಯವರು ಹುಟ್ಟಿ ನೂರು ವರ್ಷವಾದಾಗ, 1966ರಲ್ಲಿ, ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ಅಲ್ಲಿಯವರೆಗೆ ಇಲ್ಲಿನ ಬಡವರ ಮಕ್ಕಳಿಗೆ ಕಾಲೇಜೆಂದರೆ ದೂರದ ಊರಿನ ಮಾತಾಗಿತ್ತು.

ಚುಟುಕ ಬರೆದು ಅವರು ಶ್ರೀಮಂತರಾಗಲಿಲ್ಲ. ಆದರೆ ಬರೆಯುವವನು ಹಣವನ್ನು ಏನು ಮಾಡಬಹುದು ಎಂಬುದಕ್ಕೆ ಈ ಊರಿನ ಶಾಲೆಗಳೇ ಉತ್ತರ. ಇನ್ನೊಬ್ಬರ ಕೈಯಲ್ಲಿದ್ದ ಹಣವನ್ನು ಕೇಳಿ, ಕಾಡಿ, ಬೇಡಿ ಶಾಲೆಯ ಗೋಡೆಯಾಗಿ ಮಾಡಿದರು.

ಅಂಕೋಲೆಯ ದಕ್ಷಿಣಕ್ಕೆ ಗಂಗಾವಳಿ ಹೊಳೆ ದಾಟಿದರೆ ಕುಮಟಾ ತಾಲ್ಲೂಕಿನ ಹನೇಹಳ್ಳಿ, ಬಂಕಿಕೊಡ್ಲ. ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು (1928–2014) ಮುಂಬಯಿಗೆ ಹೋಗಿ ರಸಾಯನ ವಿಜ್ಞಾನ ಓದಿ, ಪಾಲಿಮರ್ ತಂತ್ರಜ್ಞರಾಗಿ ಕಂಪನಿಯ ಕೆಲಸ ಮಾಡಿದರು. ರಾಳ, ಪ್ಲಾಸ್ಟಿಕ್ಕಿನ ಲೋಕ ಅವರ ಹೊಟ್ಟೆ ತುಂಬಿತು. ಅದೇ ಕಂಪನಿಯ ಲೋಕ, ಅಲ್ಲಿನ ಒಳಸಂಚು, ಭಯಗಳೇ 1979ರಲ್ಲಿ ‘ಶಿಕಾರಿ’ ಕಾದಂಬರಿಯಾದವು. ಕೆಲಸ ಸಂಬಳವನ್ನೂ ಕೊಟ್ಟಿತು, ಕತೆಯನ್ನೂ ಕೊಟ್ಟಿತು. ಬಂಕಿಕೊಡ್ಲದಲ್ಲಿ ಶಾಲಾ ಮಾಸ್ತರರಾಗಿದ್ದ ಕವಿ ಸು.ರಂ. ಎಕ್ಕುಂಡಿಯವರಿಗೆ 1992ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪಕ್ಕದ ಗೋಕರ್ಣದ ಜಯಂತ ಕಾಯ್ಕಿಣಿ ಜೀವರಸಾಯನ ಓದಿ ಮುಂಬಯಿಯ ಔಷಧ ಕಂಪನಿಯಲ್ಲಿ ದುಡಿದವರು.

ಇವರಲ್ಲಿ ಹೆಚ್ಚಿನವರು ಮುಂಬಯಿಗೇ ಏಕೆ ಹೋದರು ಎಂದು ಮಕ್ಕಳು ಕೇಳಬಹುದು. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿಯವರಿಗೆ ಬೆಂಗಳೂರು ಬೇರೆ ರಾಜ್ಯ. ಕೆಲಸ ಹುಡುಕುವವರು ಕಾರವಾರದಲ್ಲಿ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿದ್ದರು.

ಅಣ್ಣನ ಮನೆಯ ಕವಿ

ಮರುದಿನ ಕಾರವಾರದ ಬಸ್ಸು. ಸುಮಾರು 35 ಕಿಲೋಮೀಟರ್ ದಾರಿ. ಎಡಕ್ಕೆ ಆಗಾಗ ಸಮುದ್ರ ಇಣುಕುತ್ತದೆ, ಬಲಕ್ಕೆ ಗುಡ್ಡ. ಅರ್ಗಾ ಹತ್ತಿರ ನೌಕಾನೆಲೆಯ ಉದ್ದನೆಯ ಗೋಡೆ. ‘ಸೀಬರ್ಡ್’ ಯೋಜನೆಗಾಗಿ ಇಲ್ಲಿನ ಎಷ್ಟೋ ಮನೆಗಳವರು ಸಮುದ್ರದ ಅಂಚು ಬಿಟ್ಟು ಎದ್ದು ಹೋಗಬೇಕಾಯಿತು. ಪರಿಹಾರದ ಹಣಕ್ಕಾಗಿ ದಶಕಗಳ ಕಾಲ ಕೋರ್ಟು, ಕಚೇರಿ ಅಲೆದರು. ನಮ್ಮ ದೇಶದಲ್ಲಿ ಅತಿ ದೊಡ್ಡ ಕಾದಂಬರಿಗಳು ಕಚೇರಿಯ ಕಡತಗಳಲ್ಲೇ ಇವೆ. ಅವುಗಳ ಕೊನೆಯ ಪುಟ ಓದಲು ಅಜ್ಜನಿಗೆ ಆಗದಿದ್ದರೆ ಮೊಮ್ಮಗ ಓದುತ್ತಾನೆ.

ಕಾರವಾರದಿಂದ ಕಾಳಿ ನದಿಯ ಜಾಡು ಹಿಡಿದು ಒಳಗೆ ಹೋದರೆ ಕೈಗಾ ಅಣುಸ್ಥಾವರ. ಅದನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಇಲ್ಲಿಂದ ಲೋಕಸಭೆಗೆ ನಿಂತರು. ಸೋತರು. ಇದೇ ಕ್ಷೇತ್ರ 1967ರಲ್ಲಿ ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ಗೆಲ್ಲಿಸಿತ್ತು. ಕವಿಯನ್ನು ದಿಲ್ಲಿಗೆ ಕಳಿಸಿ, ಕಾದಂಬರಿಕಾರನನ್ನು ಮನೆಗೆ ಕಳಿಸಿದ ಕ್ಷೇತ್ರ ಇದು. ನಾಲ್ಕು ಸಾಲು ಓದಲು ಎಲ್ಲರಿಗೂ ಪುರುಸೊತ್ತಿರುತ್ತದೆ, ನಾನೂರು ಪುಟಕ್ಕೆ ಇರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಕಾರಂತರು ಸೋಲಿಗೆ ಹೆದರುವವರಾಗಿರಲಿಲ್ಲ. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ, ತಮ್ಮ ಪುಸ್ತಕ ತಾವೇ ಅಚ್ಚು ಹಾಕಿ, ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ಒಬ್ಬರೇ ಬರೆದವರು. ಲಾಭ ನಷ್ಟ ನೋಡಿ ಹೊರಟಿದ್ದರೆ ಅದರಲ್ಲಿ ಒಂದು ಪುಟವೂ ಹುಟ್ಟುತ್ತಿರಲಿಲ್ಲ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ದಡದಲ್ಲೇ ನಿವೃತ್ತಿಯಾದ ಯುದ್ಧನೌಕೆ ‘ಚಪಲ್’ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಮಕ್ಕಳು ಮೊದಲು ಓಡುವುದು ಅಲ್ಲಿಗೇ. ಓಡಲಿ. ಅಜ್ಜ ಅಜ್ಜಿಯರು ಅಷ್ಟರಲ್ಲಿ ಮರಳಿನ ಮೇಲೆ ಕೂತು ಈ ಕತೆ ನೆನೆಯಬಹುದು.

1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಟಾಗೋರ್, ಐಸಿಎಸ್ ಸೇರಿದ ಮೊದಲ ಭಾರತೀಯ. ಬಂಗಾಳದವರಾದರೂ ಮುಂಬಯಿ ಪ್ರಾಂತ್ಯದ ಅಧಿಕಾರಿಯಾದ್ದರಿಂದ ಕಾರವಾರಕ್ಕೆ ಬಂದರು. ಅವರ ಮನೆಗೆ ಬಂದು ಉಳಿದ ತಮ್ಮನಿಗೆ ಆಗ 22 ವರ್ಷ. ಉದ್ಯೋಗವಿಲ್ಲ. ಕಡಲ ದಂಡೆ, ಗಾಳಿಮರಗಳು, ಕಾಳಿ ನದಿ ನೋಡುತ್ತ ಕಾಲ ಕಳೆಯುತ್ತಿದ್ದ. ಒಂದು ದಿನ ದೋಣಿಯಲ್ಲಿ ನದಿಯ ಮೇಲ್ಮುಖವಾಗಿ ಹೋಗಿ, ಹಳೆಯ ಕೋಟೆ ನೋಡಿ, ಒಬ್ಬ ರೈತನ ಅಂಗಳದಲ್ಲಿ ಉಂಡು, ಬೆಳದಿಂಗಳಲ್ಲಿ ಮರಳಿದ್ದನ್ನು ಅವರು ಮುಂದೆ ತಮ್ಮ ಜೀವನ ಸ್ಮೃತಿಯಲ್ಲಿ ಬರೆದರು. ಕಾರವಾರದಲ್ಲೇ ಅವರು ‘ಪ್ರಕೃತಿಯ ಪ್ರತಿಶೋಧ’ ನಾಟಕ ಬರೆದದ್ದು. ಲೋಕವನ್ನೆಲ್ಲ ತೊರೆದೆನೆಂದು ಬೀಗುವ ಸನ್ಯಾಸಿಯನ್ನು ಪುಟ್ಟ ಅನಾಥ ಹುಡುಗಿಯೊಬ್ಬಳು ಪ್ರೀತಿಯಿಂದ ಲೋಕಕ್ಕೆ ಮರಳಿಸುವ ಕತೆ ಅದು.

ಎಂದರೆ ಮಹಾಕವಿಗೂ ಆರಂಭದಲ್ಲಿ ಸಂಬಳ ತರುವ ಒಬ್ಬ ಅಣ್ಣ ಇದ್ದ. 1913ರಲ್ಲಿ ನೊಬೆಲ್ ಬಂದಾಗ ಟಾಗೋರರು ಆ ಹಣವನ್ನು ರೈತರಿಗೆ ಸಾಲ ಕೊಡುವ ಪತಿಸರ ಎಂಬ ಹಳ್ಳಿಯ ಬ್ಯಾಂಕಿನಲ್ಲಿಟ್ಟರು. ಬಡ್ಡಿ ಶಾಂತಿನಿಕೇತನದ ಶಾಲೆಗೆ, ಅಸಲು ರೈತರ ಬೇಸಾಯಕ್ಕೆ ಎಂಬ ಯೋಚನೆ. ಮುಂದೆ ಸಾಲ ವಸೂಲಾಗದೆ ಆ ಬ್ಯಾಂಕು ಮುಳುಗಿತು. ಬ್ಯಾಂಕಿನವನಾಗಿ ನಾನು ಆ ಠೇವಣಿಗೆ ಸಲಹೆ ಕೊಡುತ್ತಿರಲಿಲ್ಲ. ಬರೆಯುವವನಾಗಿ, ಅದಕ್ಕಿಂತ ಒಳ್ಳೆಯ ಠೇವಣಿ ನನಗೆ ಗೊತ್ತಿಲ್ಲ.

ಐವತ್ತು ಪೈಸೆಯ ಪುಸ್ತಕ

ಸಂಜೆ ಕಾಳಿ ಸೇತುವೆಯ ಕಡೆ ಹೋದೆ. ನದಿ ಸಮುದ್ರ ಸೇರುವ ಜಾಗ. ಆಚೆ ದಡದಲ್ಲಿ ಸದಾಶಿವಗಡ. 2024ರ ಆಗಸ್ಟ್‌ನಲ್ಲಿ ಇಲ್ಲಿನ ಹಳೆಯ ಸೇತುವೆ ರಾತ್ರಿ ಹೊತ್ತು ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಬದುಕಿಸಿದರು. ಕಾರವಾರಕ್ಕೆ ಬರುವವರು ಈ ಸಂಜೆಯನ್ನು ತಪ್ಪಿಸಿಕೊಳ್ಳಬಾರದು. ಕೊಂಕಣ ರೈಲು ಕಾರವಾರಕ್ಕೂ ಇದೆ, ಅಂಕೋಲೆಗೂ ಇದೆ. ಮಳೆ ಮುಗಿದ ಮೇಲೆ, ಅಕ್ಟೋಬರ್ ನಂತರ ಬಂದರೆ ಓಡಾಟ ಸುಲಭ.

ಅಲ್ಲೇ ಕಟ್ಟೆಯ ಮೇಲೆ ಕೂತು ಚೀಲದಿಂದ ಅಂಚೆ ಕಾರ್ಡು ತೆಗೆದೆ. ನಮ್ಮ ದೇಶದಲ್ಲಿ ಇನ್ನೂ 50 ಪೈಸೆಗೆ ಸಿಗುವ ಏಕೈಕ ಪುಸ್ತಕ ಇದು. ಹುಡುಗಿಗೆ ಹೀಗೆ ಬರೆದೆ:

‘ಮಗಳೇ, ನಿನ್ನ ಅಜ್ಜಿ ಹೇಳಿದ್ದು ನಿಜ. ಬರೆದು ಹೊಟ್ಟೆ ತುಂಬುವುದು ಕಷ್ಟ. ಆದ್ದರಿಂದ ಓದು ಬಿಡಬೇಡ, ಕಾಲೇಜಿಗೆ ಹೋಗು, ಒಂದು ಕೆಲಸ ಹಿಡಿ. ನಿನ್ನ ಊರಿನ ಸುತ್ತಲಿನ ದೊಡ್ಡ ಬರಹಗಾರರೆಲ್ಲ ಹಾಗೇ ಮಾಡಿದರು. ಹೊಟ್ಟೆಯ ಚಿಂತೆಯನ್ನು ಕತೆಯ ಹೆಗಲ ಮೇಲೆ ಹೊರಿಸಬೇಡ, ಅದು ಇನ್ನೂ ಚಿಕ್ಕದು. ಈಗ ಒಂದು ಕೆಲಸ ಮಾಡು. ಅಜ್ಜಿಯ ಬುಟ್ಟಿಯ ಲೆಕ್ಕ ಬರೆ. ಯಾವ ಮೀನು, ಎಷ್ಟಕ್ಕೆ ಕೊಂಡರು, ಎಷ್ಟಕ್ಕೆ ಮಾರಿದರು, ಯಾರು ಉದ್ದರಿ ಹೇಳಿದರು, ಯಾವ ಮನೆಯಲ್ಲಿ ನೀರು ಕೊಟ್ಟು ಕೂರಿಸಿದರು. ಬರೆದದ್ದನ್ನು ಮುಚ್ಚಿಡಬೇಡ. ಅಜ್ಜಿಗೇ ಓದಿ ಹೇಳು.’

ಕಾರ್ಡಿನಲ್ಲಿ ಜಾಗ ಮುಗಿಯಿತು. ಶಾಲೆಯ ವಿಳಾಸ ಬರೆದು ಡಬ್ಬಿಗೆ ಹಾಕಿ ಊರಿನ ಬಸ್ಸು ಹತ್ತಿದೆ.

ಒಂದು ತಿಂಗಳ ಮೇಲೆ ಉತ್ತರ ಬಂತು. ನೋಟ್‌ಬುಕ್ಕಿನ ಹಾಳೆ, ದುಂಡಗಿನ ಅಕ್ಷರ. ‘ಸರ್, ಅಜ್ಜಿಗೆ ಓದಿ ಹೇಳಿದೆ. ಬಂಗಡೆ ದರ ತಪ್ಪು ಬರೆದಿದ್ದೆ ಅಂತ ಬೈದಿತು. ತಾರ್ಲೆಯದೂ ತಪ್ಪಂತೆ. ಈಗ ರಾತ್ರಿ ಊಟ ಆದ ಮೇಲೆ ಅಜ್ಜಿಯೇ ಕರೆದು ಕೂರಿಸ್ತದೆ. ಅದು ಹೇಳ್ತದೆ, ನಾನು ಬರೀತೇನೆ. ನೋಟ್‌ಬುಕ್ಕು ಮುಗೀತು. ನಿನ್ನೆ ಅಜ್ಜಿಯೇ ಸಂತೆಯಿಂದ ಹೊಸದು ತಂತು. 200 ಪುಟದ್ದು. ಕಾಲೇಜಿನ ಮಾತು ಎತ್ತಿದರೆ ಮೊದಲಿನ ಹಾಗೆ ಬೇಡ ಅನ್ನೂದಿಲ್ಲ, ನೋಡ್ವಾ ಅಂತದೆ.’